ಕಪ್ಪೆಯ ಮೊಟ್ಟೆಯೊಳಗೆ ಏನು ನಡೆಯುತ್ತದೆ? ಮಳೆಗಾಲದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮೃಗಶಿರ ಮಳೆ ಒಂದು ಸಲ ಜೋರಾಗಿ ಹೊಡೆದರೆ ಸಾಕು. ವಿಜಯಪುರ, ಬಾಗಲಕೋಟೆ ಕಡೆಯ ಎರೆಹೊಲದ ಬದುವಿನಲ್ಲಿ, ಕೃಷಿಹೊಂಡದಲ್ಲಿ, ಊರಾಚೆಯ ಕಲ್ಲಿನ ಗಣಿಯಲ್ಲಿ ರಾತ್ರಿಯಿಡೀ ಕಪ್ಪೆಗಳ ಗದ್ದಲ. ಬೆಳಗಾದರೆ ಪ್ರಶ್ನೆಗಳು ಶುರು. ರೈತರು ಹೊಂಡದಲ್ಲಿ ತೇಲುವ ಲೋಳೆಯ ಫೋಟೊ ಕಳಿಸುತ್ತಾರೆ. ಪಿಯುಸಿ, ಬಿಎಸ್ಸಿ ಮಕ್ಕಳು ಪುಸ್ತಕದ ಚಿತ್ರ ಹಿಡಿದು ಬರುತ್ತಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಹಾಕಿದ್ದೇನೆ.

ಮೊದಲೇ ಒಂದು ಮಾತು. ಕೆಳಗೆ ಗಂಟೆ, ನಿಮಿಷ ಅಂತ ಬರೆದಿರುವುದೆಲ್ಲ ಹೆಚ್ಚಾಗಿ ಕ್ಸೆನೋಪಸ್ ಎಂಬ ಆಫ್ರಿಕಾದ ಕಪ್ಪೆಯದು. ಪ್ರಪಂಚದ ಪ್ರಯೋಗಾಲಯಗಳಲ್ಲಿ ಜಾಸ್ತಿ ಸಾಕುವುದು ಅದನ್ನೇ. ಅದೂ 23 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರಿನಲ್ಲಿ. ನಮ್ಮ ಕಪ್ಪೆಗಳಲ್ಲಿ ಹಂತಗಳ ಕ್ರಮ ಅದೇ, ವೇಗ ಬೇರೆ.

ಹೊಂಡದಲ್ಲಿ ತೇಲುವ ಲೋಳೆ ಕಪ್ಪೆಯ ಮೊಟ್ಟೆಯೇನಾ? ಯಾವ ಕಪ್ಪೆಯದು?

ಲೋಳೆಯೊಳಗೆ ಸಾಸಿವೆ ಗಾತ್ರದ ಕಪ್ಪು ಚುಕ್ಕಿಗಳಿದ್ದರೆ ಹೌದು, ಬಹುಪಾಲು ಮೊಟ್ಟೆಯೇ. ಉದ್ದನೆಯ ಲೋಳೆ ದಾರ, ಅದರೊಳಗೆ ಕಪ್ಪು ಚುಕ್ಕಿಗಳ ಜೋಡಿಸಾಲು ಕಂಡರೆ ಅದು ನೆಲಗಪ್ಪೆಯದು, ಅಂದರೆ ಮೈಮೇಲೆ ಗಂಟುಗಂಟು ಇರುವ ಒರಟು ಕಪ್ಪೆಯದು. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ನೀರಿನ ಮೇಲೆ ಬಾಗಿದ ಕೊಂಬೆಗೋ, ತೊಟ್ಟಿಯ ಗೋಡೆಗೋ ಬಿಳಿ ನೊರೆಯ ಮುದ್ದೆ ಅಂಟಿದ್ದರೆ ಅದು ಮರಗಪ್ಪೆಯ ಗೂಡು. ನೊರೆಯ ಹೊರಗಡೆ ಒಣಗಿದರೂ ಒಳಗೆ ತೇವ ಇರುತ್ತದೆ. ಕೆಲವು ದಿನ ಕಳೆದ ಮೇಲೆ ಮರಿಗಳು ಅಲ್ಲಿಂದ ಕೆಳಗಿನ ನೀರಿಗೆ ಬೀಳುತ್ತವೆ. ಇದನ್ನು ಹುಳದ ಗೂಡು ಅಂದುಕೊಂಡು ಕೆರೆದು ಹಾಕುವವರಿದ್ದಾರೆ. ದಯವಿಟ್ಟು ಬಿಟ್ಟುಬಿಡಿ.

ಮೊದಲ ಮಳೆಗೆ ಇಷ್ಟೊಂದು ಕಪ್ಪೆ ಎಲ್ಲಿಂದ ಬರುತ್ತವೆ? ಆಕಾಶದಿಂದ ಬೀಳುತ್ತವಾ?

ಇಲ್ಲ. ಬೇಸಿಗೆಯಲ್ಲಿ ಅವು ನೆಲದೊಳಗೆ, ಕಲ್ಲುಗಳ ಸಂದಿನಲ್ಲಿ, ಎರೆಮಣ್ಣಿನ ಬಿರುಕಿನಲ್ಲಿ ಅಡಗಿರುತ್ತವೆ. ಮಳೆ ಬಿದ್ದು ನೆಲ ನೆನೆದ ರಾತ್ರಿಯೇ ಮೇಲೆ ಬರುತ್ತವೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಕಾಣುವ ಈ ಸೀಮೆಯಲ್ಲಿ ನಿಂತ ನೀರಿಗೆ ಭರವಸೆ ಇಲ್ಲ. ನೀರು ಆರುವುದರೊಳಗೆ ಮೊಟ್ಟೆ ಒಡೆದು, ಮರಿ ಬೆಳೆದು, ಕಾಲು ಬಂದು ಹೊರಗೆ ಜಿಗಿಯಬೇಕು. ಅದಕ್ಕೇ ಆ ಅವಸರ. ಹೊಳೆಯುವ ಹಳದಿ ಬಣ್ಣಕ್ಕೆ ತಿರುಗಿ, ಗಂಟಲ ಪಕ್ಕ ನೀಲಿ ಚೀಲ ಉಬ್ಬಿಸಿ ಕೂಗುವುದು ಗಂಡು ಗೂಳಿಗಪ್ಪೆ. ಆ ಬಣ್ಣ ವಿಷದ ಗುರುತಲ್ಲ, ಹೆಣ್ಣನ್ನು ಕರೆಯುವ ಕಾಲದ ಬಣ್ಣ.

ಹೆಣ್ಣು ಮೊಟ್ಟೆ ಇಟ್ಟರೆ ಸಾಕಲ್ವಾ? ಗಂಡು ಯಾಕೆ ಬೇಕು?

ಹೆಣ್ಣಿನ ಬೆನ್ನೇರಿ ತಬ್ಬಿ ಕೂತ ಗಂಡು ಏನು ಮಾಡುತ್ತದೆ ಎಂದು 18ನೇ ಶತಮಾನದಲ್ಲಿ ದೊಡ್ಡ ದೊಡ್ಡ ಪಂಡಿತರೇ ಜಗಳವಾಡಿದ್ದಾರೆ. ಇಟಲಿಯ ಪಾದ್ರಿ ಲಾಜರೊ ಸ್ಪಲ್ಲಾಂಜಾನಿ ಅದಕ್ಕೊಂದು ಮೋಜಿನ ದಾರಿ ಹುಡುಕಿದ. ಗಂಡು ಕಪ್ಪೆಗಳಿಗೆ ಬಟ್ಟೆಯ ಚಡ್ಡಿ ಹೊಲಿದು ಹಾಕಿದ! ಚಡ್ಡಿ ತೊಟ್ಟ ಗಂಡು ತಬ್ಬಿಕೊಂಡಿದ್ದರೂ ಮೊಟ್ಟೆಗಳು ಬೆಳೆಯಲಿಲ್ಲ, ಕೊಳೆತವು. ಚಡ್ಡಿಗೆ ಅಂಟಿದ್ದ ದ್ರವವನ್ನು ಮೊಟ್ಟೆಗೆ ಸವರಿದರೆ ಮಾತ್ರ ಬೆಳೆದವು. ಗಂಡಿನ ದ್ರವ ಮೊಟ್ಟೆಗೆ ತಾಗಲೇಬೇಕು ಎಂಬುದು ಹೀಗೆ ಖಚಿತವಾಯಿತು. ಕಪ್ಪೆಗಳಲ್ಲಿ ಈ ಕೂಡಿಕೆ ಹೆಣ್ಣಿನ ದೇಹದ ಹೊರಗೆ, ನೀರಿನಲ್ಲೇ ನಡೆಯುತ್ತದೆ. ನಮ್ಮ ಕಣ್ಣೆದುರಿಗೇ ಎಲ್ಲ ನಡೆಯುವುದರಿಂದಲೇ ಭ್ರೂಣದ ಬಗ್ಗೆ ಮನುಷ್ಯ ಮೊದಲ ಪಾಠಗಳನ್ನು ಕಪ್ಪೆಯಿಂದ ಕಲಿತ.

ಮೊಟ್ಟೆಯ ಮೇಲ್ಭಾಗ ಕಪ್ಪು, ಕೆಳಭಾಗ ಬಿಳಿ. ಯಾಕೆ ಹಾಗೆ?

ಬಿಳಿ ಭಾಗದಲ್ಲಿ ಹಳದಿ ಲೋಳೆ ತುಂಬಿದೆ. ಅದು ಮರಿಯ ಬುತ್ತಿ. ಭಾರ ಜಾಸ್ತಿ ಇರುವುದರಿಂದ ಅದು ಕೆಳಕ್ಕೆ ತಿರುಗುತ್ತದೆ. ಕಪ್ಪು ಭಾಗದಲ್ಲಿ ಬಣ್ಣದ ಕಣಗಳಿವೆ. ಮೇಲಿನಿಂದ ನೋಡುವ ಹಕ್ಕಿಗೆ ಕಪ್ಪು ನೀರಿನಲ್ಲಿ ಕಪ್ಪು ಮೊಟ್ಟೆ ಸುಲಭಕ್ಕೆ ಕಾಣದು.

ಪರೀಕ್ಷೆ ಬರೆಯುವವರು ಗಮನಿಸಿ. ಕಪ್ಪು ಕಡೆ ಪ್ರಾಣಿ ಧ್ರುವ, ಬಿಳಿ ಕಡೆ ಸಸ್ಯ ಧ್ರುವ. ಹೆಸರಿಗೆ ಮೋಸಹೋಗಬೇಡಿ, ಬಿಳಿ ಭಾಗಕ್ಕೂ ಸಸ್ಯಕ್ಕೂ ಏನೂ ಸಂಬಂಧ ಇಲ್ಲ.

ವೀರ್ಯಾಣು ಒಳಹೊಕ್ಕ ತಕ್ಷಣ ಏನಾಗುತ್ತದೆ?

ಎರಡನೇ ವೀರ್ಯಾಣುವಿಗೆ ಬಾಗಿಲು ಮುಚ್ಚುತ್ತದೆ. ಮೊಟ್ಟೆಯ ಪೊರೆಯ ವಿದ್ಯುತ್ ಸ್ಥಿತಿ ಕ್ಷಣದಲ್ಲಿ ಬದಲಾಗುತ್ತದೆ. ಹೊಕ್ಕ ಜಾಗದಿಂದ ಕ್ಯಾಲ್ಸಿಯಂನ ಒಂದು ಅಲೆ ಮೊಟ್ಟೆಯ ಉದ್ದಕ್ಕೂ ಹಾಯುತ್ತದೆ. ಹೊರಗಿನ ಹೊದಿಕೆ ಮೇಲೆದ್ದು ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಅರ್ಧಕ್ಕೆ ನಿಂತಿದ್ದ ಮೊಟ್ಟೆಯ ಕೋಶ ವಿಭಜನೆ ಆಗ ಪೂರ್ತಿಯಾಗುತ್ತದೆ.

ಇದಾದ ಮೇಲೆ ನಡೆಯುವುದು ನನಗೆ ಇಡೀ ಕಥೆಯಲ್ಲೇ ಅತಿ ಇಷ್ಟವಾದ ಸಂಗತಿ. ಮೊಟ್ಟೆಯ ತೊಗಲು, ಅಂದರೆ ಹೊರ ಅಂಚಿನ ತೆಳು ಪದರ, ಒಳಗಿನ ದ್ರವದ ಮೇಲೆ ಸುಮಾರು 30 ಡಿಗ್ರಿಯಷ್ಟು ಜಾರುತ್ತದೆ. ಹಲವು ಜಾತಿಗಳಲ್ಲಿ ವೀರ್ಯಾಣು ಹೊಕ್ಕ ಜಾಗದ ಎದುರು ಬದಿಗೆ ಬೂದು ಬಣ್ಣದ ಅರ್ಧಚಂದ್ರ ಮೂಡುತ್ತದೆ. ಮುಂದೆ ಮರಿಯ ಬೆನ್ನು ಬರುವುದು ಆ ಬೂದು ಬದಿಗೆ. ಅಂದರೆ ಬೆನ್ನು ಎಲ್ಲಿ, ಹೊಟ್ಟೆ ಎಲ್ಲಿ ಎಂಬುದಕ್ಕೆ ತಳಪಾಯ ಬೀಳುವುದು ಮೊಟ್ಟೆ ಇನ್ನೂ ಒಂದೇ ಕೋಶ ಇರುವಾಗ. ಕೆಳಭಾಗಕ್ಕೆ ಅತಿನೇರಳೆ ಕಿರಣ ಬಿಟ್ಟು ಈ ಜಾರುವಿಕೆಯನ್ನು ತಡೆದರೆ ಬೆನ್ನೂ ತಲೆಯೂ ಇಲ್ಲದ ಮುದ್ದೆ ಹುಟ್ಟುತ್ತದೆ. ಅಂಥ ಮೊಟ್ಟೆಯನ್ನೇ ಸಮಯಕ್ಕೆ ಸರಿಯಾಗಿ ಸುಮ್ನೆ ಒಂದು ಬದಿಗೆ ವಾಲಿಸಿ ಇಟ್ಟರೆ, ಒಳಗಿನ ಭಾರವೇ ಜಾರಿ ಕೆಲಸ ಮುಗಿಸುತ್ತದೆ. ಮರಿ ಸರಿಯಾಗಿ ಬೆಳೆಯುತ್ತದೆ!

ಒಂದು ಕೋಶ ಸಾವಿರಾರು ಕೋಶ ಆಗುವಾಗ ಮೊಟ್ಟೆ ದೊಡ್ಡದಾಗುತ್ತದಾ?

ಆಗುವುದಿಲ್ಲ. ಎಲ್ಲರೂ ಎಡವುವುದು ಇಲ್ಲೇ. ರೊಟ್ಟಿ ಮಾಡುವಾಗ ನಾದಿದ ಹಿಟ್ಟನ್ನು ಎರಡು ಉಂಡೆ ಮಾಡಿ, ಮತ್ತೆ ನಾಲ್ಕು ಮಾಡಿ. ಉಂಡೆಗಳ ಲೆಕ್ಕ ಏರುತ್ತದೆ, ಹಿಟ್ಟು ಅಷ್ಟೇ ಇರುತ್ತದೆ. ಕಪ್ಪೆಯ ಮೊಟ್ಟೆಯೂ ಆರಂಭದಲ್ಲಿ ಬೆಳೆಯುವುದಿಲ್ಲ, ತುಂಡಾಗುತ್ತದೆ ಅಷ್ಟೇ. ನೀರಿಗೆ ಬಿದ್ದಾಗ ಉಬ್ಬುವುದು ಸುತ್ತಲಿನ ಲೋಳೆ.

ಕ್ಸೆನೋಪಸ್‌ನಲ್ಲಿ ಮೊದಲ ಸೀಳು ಬೀಳಲು ಸುಮಾರು 90 ನಿಮಿಷ ಬೇಕು. ಆಮೇಲೆ ಹೆಚ್ಚುಕಡಿಮೆ ಅರ್ಧ ಗಂಟೆಗೊಂದು ವಿಭಜನೆ. ಮೊದಲನೆಯದು ಮೇಲಿನಿಂದ ಕೆಳಕ್ಕೆ. ಎರಡನೆಯದೂ ಮೇಲಿನಿಂದ ಕೆಳಕ್ಕೇ, ಆದರೆ ಮೊದಲನೆಯದಕ್ಕೆ ಅಡ್ಡಲಾಗಿ. ಮೂರನೆಯದು ಮಾತ್ರ ಅಡ್ಡ ಸೀಳು, ಅದೂ ನಟ್ಟನಡುವೆ ಅಲ್ಲ, ಸ್ವಲ್ಪ ಮೇಲೆ. ಹಾಗಾಗಿ ಮೇಲೆ ನಾಲ್ಕು ಚಿಕ್ಕ ಕೋಶ, ಕೆಳಗೆ ನಾಲ್ಕು ದೊಡ್ಡ ಕೋಶ. ಕಾರಣ ಹಳದಿ ಲೋಳೆ. ಅದು ದಪ್ಪ, ಸೀಳು ಅದರೊಳಗೆ ಸರಾಗ ಹೋಗದು. ಆಕ್ಸೊಲಾಟಲ್ ಎಂಬ ಬಾಲದ ಉಭಯಜೀವಿಯಲ್ಲಿ ಅಳೆದು ನೋಡಿದ್ದಾರೆ. ಮೇಲ್ಭಾಗದಲ್ಲಿ ನಿಮಿಷಕ್ಕೆ ಸುಮಾರು 1 ಮಿ.ಮೀ. ಓಡುವ ಸೀಳು, ಕೆಳಗೆ ಬಂದಾಗ 0.02ರಿಂದ 0.03 ಮಿ.ಮೀ.ಗೆ ಇಳಿಯುತ್ತದೆ. ಮೊದಲ ಸೀಳು ಕೆಳಗೆ ಇನ್ನೂ ತೆವಳುತ್ತಿರುವಾಗಲೇ ಎರಡನೆಯದು ಮೇಲೆ ಶುರುವಾಗಿರುತ್ತದೆ.

ಹನ್ನೆರಡು ಸುತ್ತು ಮುಗಿದಾಗ ಲೆಕ್ಕಕ್ಕೆ 4096 ಕೋಶ. ಹೊತ್ತು ಸುಮಾರು 7 ಗಂಟೆ. ಅಲ್ಲಿಯವರೆಗೆ ಭ್ರೂಣ ತನ್ನ ಸ್ವಂತ ವಂಶವಾಹಿಗಳನ್ನು ಹೆಚ್ಚೂಕಡಿಮೆ ಓದುವುದೇ ಇಲ್ಲ. ತಾಯಿ ಮೊಟ್ಟೆಯಲ್ಲಿ ಇಟ್ಟ ಪ್ರೊಟೀನ್, ಆರ್‌ಎನ್‌ಎ ದಾಸ್ತಾನಿನ ಮೇಲೆಯೇ ನಡೆಯುತ್ತದೆ. ಈ ಹಂತಕ್ಕೆ ಬಂದಾಗ ವಿಭಜನೆ ನಿಧಾನವಾಗುತ್ತದೆ, ಕೋಶಗಳ ಲಯ ತಪ್ಪುತ್ತದೆ. ಭ್ರೂಣದ ಸ್ವಂತ ವಂಶವಾಹಿಗಳು ದೊಡ್ಡ ಪ್ರಮಾಣದಲ್ಲಿ ಚಾಲೂ ಆಗುವುದು ಆಗಲೇ.

ಬ್ಲಾಸ್ಟುಲಾ, ಗ್ಯಾಸ್ಟ್ರುಲಾ ಎರಡರ ವ್ಯತ್ಯಾಸ ಸರಳವಾಗಿ ಹೇಳಿ

ಇವು ಭ್ರೂಣದಲ್ಲಿ ಒಂದರ ಹಿಂದೊಂದು ಬರುವ ಎರಡು ಹಂತಗಳು. ಬ್ಲಾಸ್ಟುಲಾದಲ್ಲಿ ಕೋಶಗಳು ಹುಟ್ಟಿದ ಜಾಗದಲ್ಲೇ ಇವೆ. ಗ್ಯಾಸ್ಟ್ರುಲಾದಲ್ಲಿ ಅವು ಜಾಗ ಬದಲಿಸುತ್ತವೆ. ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು.

ಐದು ಅಂಕಕ್ಕಾದರೆ ಹೀಗೆ ಬರೆಯಿರಿ. ಬ್ಲಾಸ್ಟುಲಾದ ಮೇಲರ್ಧದಲ್ಲಿ ದ್ರವ ತುಂಬಿದ ಒಂದು ಟೊಳ್ಳು ಇರುತ್ತದೆ. ಸುಮಾರು 9-10 ಗಂಟೆ ಕಳೆದ ಮೇಲೆ, ಬೆನ್ನು ಬರಬೇಕಾದ ಬದಿಯಲ್ಲಿ, ನಡುಗೆರೆಗಿಂತ ಕೊಂಚ ಕೆಳಗೆ ಒಂದು ಸಣ್ಣ ಸೀಳು ಕಾಣಿಸುತ್ತದೆ. ಅದರ ಮೇಲಿನ ಅಂಚೇ ಬೆನ್ನುತುಟಿ. ಹೊರಗಿನ ಕೋಶಗಳು ಈ ತುಟಿಯ ಮೇಲೆ ಉರುಳಿ ಒಳಕ್ಕೆ ನುಗ್ಗುತ್ತವೆ. ಒಳಹೋದವು ಮೇಲಿನ ಗೋಡೆಗೆ ಅಂಟಿಕೊಂಡು ತಲೆಯ ಕಡೆಗೆ ತೆವಳುತ್ತವೆ. ಇತ್ತ ಕಪ್ಪು ಕೋಶಗಳು ಕೆಳಕ್ಕೆ ಹರಡಿ ಬಿಳಿ ಭಾಗವನ್ನು ಮುಚ್ಚುತ್ತಾ ಬರುತ್ತವೆ. ಸೀಳು ಉಂಗುರವಾಗುತ್ತದೆ, ಉಂಗುರದ ನಡುವೆ ಹಳದಿ ಲೋಳೆ ತುಂಬಿದ ಬಿಳಿ ಕೋಶಗಳ ಬಿರಡೆಯೊಂದು ಇಣುಕುತ್ತದೆ, ಕೊನೆಗೆ ಅದೂ ಒಳಸೇರುತ್ತದೆ. ಹಳೆಯ ಟೊಳ್ಳು ಮಾಯ, ಕರುಳಿನ ಹೊಸ ಟೊಳ್ಳು ತಯಾರು. ಆ ಸೀಳಿನ ಕಡೆ ಮುಂದೆ ಗುದದ್ವಾರ ಬರುತ್ತದೆ. ಬಾಯಿ ಆಮೇಲೆ ಇನ್ನೊಂದು ತುದಿಯಲ್ಲಿ ತೆರೆಯುತ್ತದೆ.

ಈಗ ಮೂರು ಪದರ. ಹೊರಗಿನದು ಚರ್ಮ, ನರ, ಮಿದುಳು ಆಗುತ್ತದೆ. ನಡುವಿನದು ಸ್ನಾಯು, ಹೃದಯ, ರಕ್ತ, ಮೂತ್ರಪಿಂಡ. ಒಳಗಿನದು ಕರುಳಿನ ಒಳಪದರ, ಯಕೃತ್ತು, ಶ್ವಾಸಕೋಶ.

ಪುಸ್ತಕದ ಚಿತ್ರಗಳ ಬಗ್ಗೆ ನನ್ನದೊಂದು ತಕರಾರಿದೆ. ಅವು ಮೊಟ್ಟೆಯನ್ನು ಕೊಯ್ದು ಒಳಗಿನ ನೋಟ ತೋರಿಸುತ್ತವೆ, ಆದರೆ ಕೊಯ್ದದ್ದು ಅಂತ ದೊಡ್ಡದಾಗಿ ಹೇಳುವುದಿಲ್ಲ. ಮಕ್ಕಳು ಅದನ್ನೇ ಹೊರಗಿನ ರೂಪ ಅಂದುಕೊಂಡು ಬಾಯಿಪಾಠ ಮಾಡುತ್ತಾರೆ. ಮೈದಾ ಮುದ್ದೆ ತಗೊಂಡು ಒಂದು ಸಲ ಕೈಯಾರೆ ಮಾಡಿ, ಚಾಕುವಿನಿಂದ ಕೊಯ್ದು ನೋಡಿ.

ಯಾವ ಕೋಶ ಕಣ್ಣಾಗಬೇಕು, ಯಾವುದು ಚರ್ಮ ಆಗಬೇಕು ಅಂತ ಯಾರು ಹೇಳುತ್ತಾರೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ನೂರಾರು ವಿಜ್ಞಾನಿಗಳು ಆಯುಷ್ಯ ಕಳೆದಿದ್ದಾರೆ. ಚಿಕ್ಕದಾಗಿ ಹೇಳಬೇಕೆಂದರೆ, ಪಕ್ಕದ ಕೋಶಗಳು ಹೇಳುತ್ತವೆ.

1888ರಲ್ಲಿ ಜರ್ಮನಿಯ ವಿಲ್ಹೆಲ್ಮ್ ರೂ ಎರಡು ಕೋಶದ ಕಪ್ಪೆ ಭ್ರೂಣ ತಗೊಂಡು, ಒಂದು ಕೋಶವನ್ನು ಕಾಯಿಸಿದ ಸೂಜಿಯಿಂದ ಚುಚ್ಚಿ ಕೊಂದ. ಉಳಿದ ಕೋಶದಿಂದ ಅರ್ಧ ಭ್ರೂಣ ಬೆಳೆಯಿತು. ಪ್ರತಿ ಕೋಶಕ್ಕೂ ತನ್ನ ಪಾಲಿನ ಕೆಲಸ ಮೊದಲೇ ಬರೆದಿದೆ ಅಂತ ಅವನು ತೀರ್ಮಾನಿಸಿದ. ಆದರೆ ಸತ್ತ ಕೋಶ ಪಕ್ಕದಲ್ಲೇ ಅಂಟಿಕೊಂಡಿತ್ತು. ಅದನ್ನು ಪೂರ್ತಿ ತೆಗೆದುಹಾಕಿದರೆ ಉಳಿದ ಒಂದೇ ಕೋಶ ಇಡೀ ಮರಿಯಾಗುತ್ತದೆ ಎಂದು 1910ರಲ್ಲಿ ಗೊತ್ತಾಯಿತು. ನೆರೆಯಲ್ಲಿ ಹೆಣವಾದರೂ ಸರಿ, ಯಾರೋ ಇದ್ದಾರೆ ಎಂದು ಕೋಶಕ್ಕೆ ತಿಳಿದಿತ್ತು!

ಹಾನ್ಸ್ ಸ್ಪೀಮನ್ ಸೂಜಿ ಬಿಟ್ಟು ಮಗುವಿನ ಕೂದಲು ಹಿಡಿದ. ಅದರ ಕುಣಿಕೆಯಿಂದ ನ್ಯೂಟ್ ಎಂಬ ಬಾಲದ ಉಭಯಜೀವಿಯ ಭ್ರೂಣವನ್ನು ಎರಡಾಗಿ ಬಿಗಿದ. ಬೂದು ಅರ್ಧಚಂದ್ರ ಎರಡೂ ಕಡೆ ಹಂಚಿಹೋದರೆ ಎರಡು ಪೂರ್ಣ ಮರಿಗಳು. ಒಂದೇ ಕಡೆ ಉಳಿದರೆ ಒಂದು ಮರಿ, ಇನ್ನೊಂದು ಬರೀ ಹೊಟ್ಟೆಯ ಮುದ್ದೆ.

ಆಮೇಲೆ ಅವನ ವಿದ್ಯಾರ್ಥಿನಿ ಹಿಲ್ಡೆ ಮಂಗೋಲ್ಡ್ ಮಾಡಿದ ಪ್ರಯೋಗ ಬಂತು. ಬಣ್ಣ ಕಡಿಮೆ ಇರುವ ನ್ಯೂಟ್ ಭ್ರೂಣದ ಬೆನ್ನುತುಟಿಯ ಒಂದು ಚೂರನ್ನು ಕಿತ್ತು, ಬಣ್ಣ ಜಾಸ್ತಿ ಇರುವ ಇನ್ನೊಂದು ಜಾತಿಯ ಭ್ರೂಣದ ಹೊಟ್ಟೆ ಬದಿಗೆ ನೆಟ್ಟರು. ಹೊಟ್ಟೆಯ ಚರ್ಮ ಆಗಬೇಕಿದ್ದ ಕಡೆ ಎರಡನೇ ಮರಿಯೇ ಎದ್ದು ನಿಂತಿತು. ಬೆನ್ನುಹುರಿ, ಸ್ನಾಯು, ಎಲ್ಲ. ಎರಡು ಜಾತಿಗಳ ಬಣ್ಣ ಬೇರೆ ಇದ್ದದ್ದರಿಂದ ಯಾವ ಕೋಶ ಯಾರದ್ದು ಅಂತ ಗುರುತಿಸಬಹುದಿತ್ತು. ಹೊಸ ಮರಿಯ ನರವ್ಯೂಹ ಬಹುತೇಕ ಮನೆಯವರದ್ದು, ಅಂದರೆ ಚೂರು ನೆಡಿಸಿಕೊಂಡ ಭ್ರೂಣದ್ದು, ನೆಂಟರದ್ದಲ್ಲ. ಅಂದರೆ ನೆಟ್ಟ ಚೂರು ತಾನೇ ಎಲ್ಲ ಕಟ್ಟಲಿಲ್ಲ, ಸುತ್ತಲಿನ ಕೋಶಗಳಿಂದ ಕಟ್ಟಿಸಿತು. ಇದು ಪ್ರಕಟವಾದದ್ದು 1924ರಲ್ಲಿ. ಅದೇ ವರ್ಷ ಅಡುಗೆಮನೆಯ ಬೆಂಕಿ ಅನಾಹುತದಲ್ಲಿ ಹಿಲ್ಡೆ ತೀರಿಕೊಂಡಳು, ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ. 1935ರ ನೊಬೆಲ್ ಸ್ಪೀಮನ್ ಒಬ್ಬನಿಗೇ ಸಂದಿತು. ಪಾಠ ಮಾಡುವವರು ಅವಳ ಹೆಸರನ್ನು ಬಿಡಬಾರದು ಅನ್ನುವುದು ನನ್ನ ಹಟ.

ಹಾಗಾದರೆ ಬೆನ್ನುತುಟಿ ಏನು ಹೇಳುತ್ತದೆ? 1990ರ ದಶಕದಲ್ಲಿ ಸಿಕ್ಕ ಉತ್ತರ ಯಾರೂ ನಿರೀಕ್ಷಿಸದ ರೀತಿಯದು. ಹೊರಪದರದ ಕೋಶಗಳು ಬಿಎಂಪಿ ಎಂಬ ಪ್ರೊಟೀನಿನ ಮಾತು ಕೇಳಿ ಚರ್ಮ ಆಗುತ್ತವೆ. ಬೆನ್ನುತುಟಿಯಿಂದ ಬಂದ ಕೋಶಗಳು ನಾಗಿನ್, ಕಾರ್ಡಿನ್ ಎಂಬ ಪ್ರೊಟೀನುಗಳನ್ನು ಬಿಡುತ್ತವೆ. ಅವು ಬಿಎಂಪಿಯನ್ನೇ ಹಿಡಿದು ಕಟ್ಟಿಹಾಕುತ್ತವೆ. ಮಿದುಳಾಗು ಅಂತ ಅಪ್ಪಣೆ ಕೊಡುವುದಲ್ಲ, ಚರ್ಮ ಆಗು ಎಂಬ ಅಪ್ಪಣೆಯನ್ನು ತಡೆಯುವುದು. ಆ ಅಪ್ಪಣೆ ತಲುಪದ ಕೋಶಗಳು ನರದ ದಾರಿ ಹಿಡಿಯುತ್ತವೆ.

ಮಿದುಳು, ಬೆನ್ನುಹುರಿ ಹೇಗೆ ಮೂಡುತ್ತವೆ? ಮನುಷ್ಯರಲ್ಲೂ ಹೀಗೇನಾ?

ಬೆನ್ನಿನ ಹೊರಪದರ ದಪ್ಪಗಾಗುತ್ತದೆ, ಎರಡೂ ಅಂಚು ಮೇಲೇಳುತ್ತವೆ, ನಡುವೆ ಹಳ್ಳ ಬೀಳುತ್ತದೆ. ಅಂಚುಗಳು ಒಂದನ್ನೊಂದು ಕೂಡಿದಾಗ ಕೊಳವೆ ಆಗುತ್ತದೆ. ಮುಂದಿನ ತುದಿ ಉಬ್ಬಿ ಮಿದುಳು, ಉಳಿದದ್ದು ಬೆನ್ನುಹುರಿ. ಕ್ಸೆನೋಪಸ್‌ನಲ್ಲಿ ಒಂದು ದಿನ ತುಂಬುವ ಮೊದಲೇ ಇದು ಮುಗಿದಿರುತ್ತದೆ. ಕೈಮಸೂರದಲ್ಲಿ ಚೆನ್ನಾಗಿ ಕಾಣುವ ಹಂತ ಇದು.

ಮನುಷ್ಯರಲ್ಲೂ ದಾರಿ ಹೆಚ್ಚುಕಡಿಮೆ ಇದೇ. ಗರ್ಭ ನಿಂತ ನಾಲ್ಕನೇ ವಾರದ ಕೊನೆಗೆ ಕೊಳವೆ ಮುಚ್ಚಬೇಕು. ಮುಚ್ಚದೆ ಉಳಿದರೆ ಮಗುವಿನ ಬೆನ್ನುಹುರಿಯಲ್ಲೋ ತಲೆಯಲ್ಲೋ ದೋಷ. ಫೋಲಿಕ್ ಆಸಿಡ್ ಮಾತ್ರೆಯನ್ನು ಬಸಿರಾಗುವ ಮೊದಲಿನಿಂದಲೇ ತಗೊಳ್ಳಿ ಅಂತ ವೈದ್ಯರು ಹೇಳುವುದು ಇದಕ್ಕೇ. ಎಷ್ಟೋ ಹೆಣ್ಣುಮಕ್ಕಳಿಗೆ ಬಸಿರು ಎಂದು ತಿಳಿಯುವಷ್ಟರಲ್ಲಿ ಕೊಳವೆ ಮುಚ್ಚುವ ಕಾಲ ಬಂದೇಬಿಟ್ಟಿರುತ್ತದೆ.

ಮೊಟ್ಟೆ ಎಷ್ಟು ದಿನಕ್ಕೆ ಒಡೆಯುತ್ತದೆ? ಕಾಲು ಯಾವಾಗ ಬರುತ್ತದೆ?

ಕ್ಸೆನೋಪಸ್‌ನಲ್ಲಿ ಎರಡು ದಿನದ ಹೊತ್ತಿಗೆ ಹೃದಯ ಬಡಿಯುತ್ತಿರುತ್ತದೆ, ಎರಡು ಮೂರು ದಿನಕ್ಕೆ ಮರಿ ಹೊರಗೆ. ನಮ್ಮ ಬೆಚ್ಚನೆಯ ನೀರಿನಲ್ಲಿ ನೆಲಗಪ್ಪೆಯ ಮರಿಗಳು ಒಂದೆರಡು ದಿನದಲ್ಲೇ ಬರುತ್ತವೆ. ತಣ್ಣನೆಯ ನೀರಿನಲ್ಲಿ ತಡ. ಆಗತಾನೆ ಬಂದ ಮರಿಗೆ ಈಜು ಸರಿಯಾಗಿ ಬರದು. ತಲೆಯ ಕೆಳಗಿನ ಅಂಟುಗ್ರಂಥಿಯಿಂದ ಹುಲ್ಲಿಗೋ ಲೋಳೆಗೋ ಅಂಟಿಕೊಂಡಿರುತ್ತದೆ. ಹೊಟ್ಟೆಯಲ್ಲಿ ಇನ್ನೂ ಬುತ್ತಿ ಇರುತ್ತದೆ. ಮೊದಲು ಕಿವಿರು ಹೊರಗೆ ಕಾಣುತ್ತದೆ, ಆಮೇಲೆ ಚರ್ಮದ ಮಡಿಕೆ ಅದನ್ನು ಮುಚ್ಚುತ್ತದೆ.

ಕಣ್ಣಿಗೆ ಮೊದಲು ಕಾಣುವುದು ಹಿಂಗಾಲು. ಥೈರಾಯ್ಡ್ ಹಾರ್ಮೋನ್ ಏರಿದಂತೆ ಮುಂಗಾಲು ಹೊರಬರುತ್ತದೆ, ಬಾಲ ಕರಗುತ್ತದೆ. ಬಾಲ ಉದುರುವುದಿಲ್ಲ, ದೇಹ ಅದನ್ನು ಒಳಗೇ ಅರಗಿಸಿಕೊಳ್ಳುತ್ತದೆ. ಗೂಳಿಗಪ್ಪೆಯ ಗೊದಮೊಟ್ಟೆಗಳು ಮಾಂಸಾಹಾರಿ. ಬೇರೆ ಗೊದಮೊಟ್ಟೆಗಳನ್ನು, ಕೆಲವೊಮ್ಮೆ ಒಡಹುಟ್ಟಿದವರನ್ನೂ ತಿನ್ನುತ್ತವೆ.

ಕಪ್ಪೆಯಿಂದಲೇ ಕ್ಲೋನಿಂಗ್ ಶುರುವಾಯಿತು ಅನ್ನುತ್ತಾರೆ. ನಿಜವಾ?

ಬೆನ್ನೆಲುಬಿನ ಪ್ರಾಣಿಗಳ ಮಟ್ಟಿಗೆ ಹೌದು. ಕ್ಲೋನಿಂಗ್ ಅಂದರೆ ಒಂದು ಜೀವಿಯ ತದ್ರೂಪು ಬೆಳೆಸುವುದು. 1952ರಲ್ಲಿ ಅಮೆರಿಕದ ಬ್ರಿಗ್ಸ್ ಮತ್ತು ಕಿಂಗ್ ಕಪ್ಪೆಯ ಭ್ರೂಣಕೋಶದ ಕೋಶಕೇಂದ್ರವನ್ನು, ತನ್ನ ಕೋಶಕೇಂದ್ರ ತೆಗೆದ ಮೊಟ್ಟೆಗೆ ಹಾಕಿ ಬೆಳೆಸಿದರು. 1962ರಲ್ಲಿ ಇಂಗ್ಲೆಂಡಿನ ಜಾನ್ ಗರ್ಡನ್ ಗೊದಮೊಟ್ಟೆಯ ಕರುಳಿನ ಕೋಶದಿಂದಲೇ ಅದನ್ನು ಮಾಡಿ ತೋರಿಸಿದ. ಕರುಳಾಗಿ ಬದಲಾದ ಕೋಶದಲ್ಲೂ ಇಡೀ ಕಪ್ಪೆಗೆ ಬೇಕಾದ ಮಾಹಿತಿ ಉಳಿದಿರುತ್ತದೆ ಎಂದಾಯಿತು. 2012ರಲ್ಲಿ ಗರ್ಡನ್‌ಗೆ ಜಪಾನಿನ ವಿಜ್ಞಾನಿ ಯಮನಾಕ ಜೊತೆ ನೊಬೆಲ್ ಸಿಕ್ಕಿತು.

ಎಲ್ಲ ಕಪ್ಪೆಗಳಿಗೂ ಗೊದಮೊಟ್ಟೆ ಹಂತ ಇರುತ್ತದಾ?

ಇಲ್ಲ. ಅದಕ್ಕೆ ದೂರ ಹೋಗಬೇಕಿಲ್ಲ, ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿಗೆ ಹೋದರೆ ಸಾಕು. ಅಲ್ಲಿನ ಪುಟಾಣಿ ಪೊದೆಗಪ್ಪೆಗಳು ನೀರಿಗೆ ಇಳಿಯದೆ ಎಲೆಯ ಮೇಲೋ ಒದ್ದೆ ನೆಲದಲ್ಲೋ ಮೊಟ್ಟೆ ಇಡುತ್ತವೆ. ಮರಿ ಮೊಟ್ಟೆಯೊಳಗೇ ಪೂರ್ತಿ ಬೆಳೆದು ಕಪ್ಪೆಯಾಗಿಯೇ ಹೊರಬರುತ್ತದೆ. ಅಲ್ಲಿ ಮಳೆಗಾಲವಿಡೀ ಗಾಳಿಯೇ ಒದ್ದೆ, ಹಾಗಾಗಿ ನಡೆಯುತ್ತದೆ. ನಮ್ಮ ಇಂಡಿ, ಸಿಂದಗಿ ಬಿಸಿಲಿಗೆ ಅಂಥ ಮೊಟ್ಟೆ ಒಂದು ಮಧ್ಯಾಹ್ನ ತಡೆಯದು. ಉತ್ತರ ಕನ್ನಡದ ಕಾಡಿನ ಕುಂಬಾರ ಕಪ್ಪೆಯ ಗಂಡು ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತುತ್ತದೆ. ಇದು 2014ರಲ್ಲಿ ವಿಜ್ಞಾನಕ್ಕೆ ಗೊತ್ತಾಯಿತು.

ಎರೆಹುಳದಂತೆ ಕಾಣುವ, ಕಾಲಿಲ್ಲದ ಸಿಸಿಲಿಯನ್‌ಗಳೂ ಉಭಯಜೀವಿಗಳೇ. ಖಾನಾಪುರ ತಾಲ್ಲೂಕಿನ ಚೋರ್ಲಾದಲ್ಲಿ ಸಿಕ್ಕ ಒಂದು ಜಾತಿಗೆ 2007ರಲ್ಲಿ ಮಹದಾಯಿ ನದಿಯ ಹೆಸರನ್ನೇ ಇಟ್ಟಿದ್ದಾರೆ.

ಹೊಲಕ್ಕೆ ಹೊಡೆಯುವ ಔಷಧದಿಂದ ಮೊಟ್ಟೆಗೆ ತೊಂದರೆ ಇದೆಯಾ?

ಇದೆ. ಕೋಳಿಮೊಟ್ಟೆಗೆ ಚಿಪ್ಪಿದೆ, ಕಪ್ಪೆಯ ಮೊಟ್ಟೆಗೆ ಲೋಳೆ ಮಾತ್ರ. ನೀರಿನಲ್ಲಿ ಕರಗಿದ್ದು ಒಳಗೆ ಹೋಗಬಲ್ಲದು. ಕಬ್ಬು, ಗೋವಿನಜೋಳಕ್ಕೆ ಬಳಸುವ ಅಟ್ರಜಿನ್ ಎಂಬ ಕಳೆನಾಶಕದಿಂದ ಗಂಡು ಕಪ್ಪೆಗಳ ಜನನಾಂಗದಲ್ಲಿ ಏರುಪೇರಾಗುತ್ತದೆ ಎಂದು 2002ರಲ್ಲಿ ಅಮೆರಿಕದ ಟೈರೋನ್ ಹೇಸ್ ವರದಿ ಮಾಡಿದರು. ತಯಾರಕರ ಕಡೆಯವರು ಒಪ್ಪಲಿಲ್ಲ, ಜಗಳ ದೊಡ್ಡದಾಯಿತು. ಐರೋಪ್ಯ ಒಕ್ಕೂಟ ಅದರ ಬಳಕೆ ನಿಲ್ಲಿಸಿತು. ನನ್ನ ಸಲಹೆ ಇಷ್ಟೇ: ಸಿಂಪಡಣೆ ಡಬ್ಬಿಯನ್ನು ಹೊಂಡದಲ್ಲಿ, ಹಳ್ಳದಲ್ಲಿ ತೊಳೆಯಬೇಡಿ.

ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡ ಇದ್ದವರು ಒಂದು ಮೂಲೆಯಲ್ಲಿ ಗೋಣಿಚೀಲವನ್ನೋ ದಪ್ಪ ಹಗ್ಗವನ್ನೋ ನೀರಿಗೆ ಇಳಿಬಿಡಿ. ಕಾಲು ಬಂದ ಮರಿಗಳಿಗೆ ಆ ಜಾರುಗೋಡೆ ಹತ್ತುವುದು ಕಷ್ಟ.

ಮೊಟ್ಟೆ ಮನೆಗೆ ತಂದು ನೋಡಬಹುದಾ?

ಇದ್ದಲ್ಲೇ ನೋಡಿ, ಅದೇ ಒಳ್ಳೆಯದು. ಮಳೆ ಬಂದ ಮರುದಿನ ನಸುಕಿನಲ್ಲಿ ಹೋಗಿ. ಬಿಸಿಲೇರುವ ಹೊತ್ತಿಗೆ ಮೊದಲ ಸೀಳುಗಳು ಮುಗಿದೇ ಹೋಗಿರುತ್ತವೆ. ಹತ್ತು ಪಟ್ಟು ದೊಡ್ಡದು ತೋರಿಸುವ ಕೈಮಸೂರ ಸಾಕು. ಬಿಳಿ ಬಟ್ಟಲಿನಲ್ಲಿ ಅದೇ ಹೊಂಡದ ನೀರು ತುಂಬಿ, ನಾಲ್ಕೈದು ಮೊಟ್ಟೆ ಲೋಳೆ ಸಮೇತ ಎತ್ತಿ, ನೋಡಿ, ಅಲ್ಲೇ ವಾಪಸ್ ಬಿಡಿ. ನಲ್ಲಿ ನೀರು ಬೇಡ, ಅದರಲ್ಲಿ ಕ್ಲೋರಿನ್ ಇರುತ್ತದೆ. ಒಂದು ಕೆರೆಯ ಮೊಟ್ಟೆಯನ್ನು ಇನ್ನೊಂದು ಕೆರೆಗೆ ಹಾಕಲೇಬೇಡಿ, ಕಪ್ಪೆಗಳಿಗೆ ಶಿಲೀಂಧ್ರ ರೋಗ ಹರಡುವುದು ಹೀಗೂ ಇದೆ. ಗೂಳಿಗಪ್ಪೆಗೆ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. ಕಪ್ಪು ಹೋಗಿ ಬಿಳಿಚಿಕೊಂಡು, ಹತ್ತಿಯಂಥ ಬೂಸಲು ಹಿಡಿದ ಮೊಟ್ಟೆಗಳು ಸತ್ತವು, ಅವುಗಳಿಗಾಗಿ ಕಾಯಬೇಡಿ.